ಚೀಟಿ ತಂದವರು

ವೈದ್ಯರ ನಡುವೆ ಒಂದು ಹಳೇ ತಮಾಷೆಯಿದೆ. ಬಾಯಿ ಬಿಡುವ ಮೊದಲೇ ರೋಗಿ ಮಡಚಿದ ಚೀಟಿಯೊಂದನ್ನು ತೆಗೆದರೆ ಅವರಿಗೆ ಕಾಯಿಲೆ ಇಲ್ಲ ಎಂದೇ ಲೆಕ್ಕ. ನಾನು ಹೌಸ್‌ಸರ್ಜನ್ ಆಗಿದ್ದಾಗ ಹಿರಿಯರೊಬ್ಬರು ರೌಂಡ್ಸಿನಲ್ಲಿ ಇದನ್ನು ಹೇಳಿದರು. ನಾವೆಲ್ಲ ನಕ್ಕೆವು. ನಕ್ಕು ಮರೆತಿದ್ದರೆ ಚೆನ್ನಾಗಿತ್ತು, ನಂಬಿಬಿಟ್ಟೆವು.

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನನ್ನ ಕ್ಲಿನಿಕ್ಕು. ಸಂತೆ ದಿನ ಕಾಲಿಡಲು ಜಾಗ ಇರುವುದಿಲ್ಲ. ಚೀಟಿ ತರುವವರು ಹೆಚ್ಚಾಗಿ ಹೆಂಗಸರು. ಕೆಲವರ ಚೀಟಿ ಮಕ್ಕಳ ನೋಟ್‌ಬುಕ್ಕಿನ ಹಾಳೆ, ಕೆಲವರದ್ದು ಕ್ಯಾಲೆಂಡರಿನ ಹಿಂಬದಿ. ಸುಸ್ತು, ತಲೆ ದಿಮ್ಮೆನ್ನುವುದು, ಎದೆ ಡವಡವ, ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು. ಅವರು ಕೊನೆಯ ಸಾಲು ತಲುಪುವುದರೊಳಗೆ ನನ್ನ ಪೆನ್ನು ಬಿ-ಕಾಂಪ್ಲೆಕ್ಸ್ ಬರೆದಾಗಿರುತ್ತಿತ್ತು. ಜೊತೆಗೆ ಬಂದ ಗಂಡನ ಕಡೆ ತಿರುಗಿ ‘ಏನಿಲ್ಲ, ನರ ವೀಕ್ನೆಸ್ಸು, ಸ್ವಲ್ಪ ರೆಸ್ಟು ಕೊಡಿ’ ಎನ್ನುತ್ತಿದ್ದೆ. ದುಡ್ಡಿರುವವರು ‘ಒಂದು ಬಾಟ್ಲಿ ಏರಿಸಿಬಿಡಿ ಡಾಕ್ಟ್ರೇ’ ಎಂದು ಅವರೇ ಕೇಳುತ್ತಿದ್ದರು. ಗ್ಲೂಕೋಸ್ ಬಾಟಲಿಗೆ ಒಂದು ಆಂಪ್ಯೂಲ್ ವಿಟಮಿನ್ ಬೆರೆಸಿದರೆ ನೀರೆಲ್ಲ ಹಳದಿಯಾಗುತ್ತದೆ. ಆ ಬಣ್ಣ ಕಂಡರೆ ಮನೆಯವರಿಗೂ ತೃಪ್ತಿ, ಏನೋ ಔಷಧಿ ಹೋಗುತ್ತಿದೆ ಅಂತ. ಒಂದೂವರೆ ಗಂಟೆ ಮಂಚದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದ ಆ ಹೆಂಗಸರಲ್ಲಿ ಕೆಲವರು ನಿಜವಾಗಿಯೂ ಗೆಲುವಾಗಿ ಎದ್ದು ಹೋಗುತ್ತಿದ್ದರು. ಅದು ವಿಟಮಿನ್ನಿನ ಗುಣವೆಂದೇ ನಾನು ತಿಳಿದಿದ್ದೆ. ಮನೆಯಿಂದ ಹೊರಗೆ, ಯಾರೂ ಕರೆಯದ ಕಡೆ, ಒಂದೂವರೆ ಗಂಟೆ ಸಿಕ್ಕಿತ್ತಲ್ಲ ಎಂಬುದು ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಹೊಳೆಸಿದ್ದು ವೈದ್ಯಕೀಯ ಪುಸ್ತಕವಲ್ಲ, ಒಂದು ಸಣ್ಣಕತೆ. 2020ರಲ್ಲಿ ಕಾಲೇಜುಗಳು ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದ ಮಗಳು ನಡುಮನೆಯಲ್ಲೇ ಕೂತು ಕ್ಲಾಸು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಬಂದವನಿಗೆ ಡಾಕ್ಟರು, ರೆಸ್ಟು, ಟಾನಿಕ್ಕು ಎನ್ನುವ ಮಾತುಗಳು ಕಿವಿಗೆ ಬಿದ್ದವು. ಸಾಹಿತ್ಯದ ಪಾಠದಲ್ಲಿ ನಮ್ಮ ಕಸುಬಿಗೇನು ಕೆಲಸ ಎಂದು ಪ್ರಿಂಟ್‌ಔಟ್ ಇಸಿದುಕೊಂಡು ಓದಿದೆ. ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಬರೆದ ‘ದಿ ಯೆಲ್ಲೋ ವಾಲ್‌ಪೇಪರ್’. 1890ರಲ್ಲಿ ಬರೆದದ್ದು, 1892ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಮ್ಯಾಗಝೀನ್’ನಲ್ಲಿ ಅಚ್ಚಾದದ್ದು.

ಕತೆ ಹೇಳುವವಳಿಗೆ ಹೆಸರಿಲ್ಲ. ಹೆರಿಗೆಯಾಗಿ ಹೆಚ್ಚು ದಿನವಾಗಿಲ್ಲ. ಗಂಡ ಜಾನ್ ಡಾಕ್ಟರು. ಹೆಂಡತಿಯ ನರಗಳಿಗೆ ವಿಶ್ರಾಂತಿ ಬೇಕೆಂದು ಬೇಸಿಗೆಗೆ ಒಂದು ಹಳೇ ಬಂಗಲೆ ಹಿಡಿಯುತ್ತಾನೆ. ಹಿಂದೆ ಮಕ್ಕಳು ಇದ್ದಿರಬಹುದಾದ ಮಹಡಿಯ ಕೋಣೆಯಲ್ಲಿ ಅವಳನ್ನು ಇಡುತ್ತಾನೆ. ಕಿಟಕಿಗೆ ಸರಳು, ನೆಲಕ್ಕೆ ಮೊಳೆ ಹೊಡೆದ ಮಂಚ, ಗೋಡೆಗೆ ಕೆಟ್ಟ ಹಳದಿ ಕಾಗದ. ಬರೆಯಬಾರದು, ಬಂಧುಗಳನ್ನು ಕರೆಸಬಾರದು, ಇಲ್ಲದ್ದನ್ನು ಕಲ್ಪಿಸಿಕೊಳ್ಳಬಾರದು. ಅವಳು ಕದ್ದು ಬರೆಯುತ್ತಾಳೆ. ಆ ಕದ್ದ ಬರಹವೇ ನಾವು ಓದುವ ಕತೆ. ನೋಡಲು ಬೇರೇನೂ ಇಲ್ಲದ್ದರಿಂದ ಗೋಡೆಯನ್ನೇ ನೋಡುತ್ತ ನೋಡುತ್ತ, ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ಅಂಬೆಗಾಲಿಟ್ಟು ಓಡಾಡುವುದು ಅವಳಿಗೆ ಕಾಣತೊಡಗುತ್ತದೆ. ಕೊನೆಗೆ ಕಾಗದವನ್ನೆಲ್ಲ ಕಿತ್ತು ತಾನೇ ಅಂಬೆಗಾಲಿಡುತ್ತಾಳೆ. ಬಾಗಿಲು ತೆರೆದು ಇದನ್ನು ಕಂಡ ಜಾನ್ ಮೂರ್ಛೆ ಹೋಗುತ್ತಾನೆ. ಅವಳು ಅವನನ್ನು ದಾಟಿಕೊಂಡೇ ಸುತ್ತುತ್ತಾಳೆ.

ನನ್ನನ್ನು ಕಾಡಿದ್ದು ಆ ಕೊನೆಯಲ್ಲ. ಜಾನ್ ಇಡೀ ಕತೆಯಲ್ಲಿ ಒಂದು ಸಲವೂ ಹೆಂಡತಿಗೆ ಕೈ ಮಾಡುವುದಿಲ್ಲ, ಗದರುವುದಿಲ್ಲ. ಎತ್ತಿಕೊಂಡು ಹೋಗಿ ಮಲಗಿಸುತ್ತಾನೆ, ಓದಿ ಹೇಳುತ್ತಾನೆ, ಮುದ್ದಿನ ಹೆಸರಿಟ್ಟು ಕರೆಯುತ್ತಾನೆ. ಅವಳು ಏನು ಹೇಳಿದರೂ ಅದಕ್ಕೊಂದು ಹಿತವಾದ ಉತ್ತರ ಇಟ್ಟುಕೊಂಡಿರುತ್ತಾನೆ. ನಿನಗೆ ಗೊತ್ತಾಗುವುದಿಲ್ಲ, ನಾನು ಡಾಕ್ಟರು, ನನಗೆ ಕಾಣುತ್ತಿದೆ, ನೀನು ಸುಧಾರಿಸುತ್ತಿದ್ದೀಯ ಅನ್ನುವ ಧಾಟಿ. ಓದುತ್ತ ಓದುತ್ತ ನನ್ನ ಅನ್ನ ಆರಿಹೋಗಿತ್ತು. ಆ ಧ್ವನಿ ನನಗೆ ಗೊತ್ತಿತ್ತು. 1998ರ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ಕೇಳಿದ್ದೆ, ನನ್ನ ಬಾಯಿಂದಲೇ.

ನನ್ನ ತಂಗಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವಳು. ಮೊದಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಅಪ್ಪ ಇರಲಿಲ್ಲ. ತವರುಮನೆ ಅಂದರೆ ಅಮ್ಮ, ನಾನು, ನನ್ನ ಹೆಂಡತಿ. ಅಮ್ಮ ಕಟ್ಟುನಿಟ್ಟಿನ ಬಾಣಂತನಕ್ಕೆ ನಿಂತಳು. ಒಳಕೋಣೆಯ ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟು, ದಿನಾ ಎಣ್ಣೆ, ಹಂಡೆ ನೀರು, ಸಾಂಬ್ರಾಣಿ ಹೊಗೆ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ. ಬಾಣಂತಿ ಓದಿದರೆ ಕಣ್ಣು ಹೋಗುತ್ತದೆ ಎಂದು ಪೇಪರು ಸಹ ಒಳಗೆ ಬಿಡಲಿಲ್ಲ. ಬಾಣಂತನವನ್ನು ಹಳಿಯಲು ನಾನು ಇದನ್ನು ಹೇಳುತ್ತಿಲ್ಲ. ಹೆತ್ತ ವಾರಕ್ಕೇ ಕಳೆ ಕೀಳಲು ಹೋಗುವ ಹೆಂಗಸರು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಅವರನ್ನು ಕೇಳಿದರೆ ನಲವತ್ತು ದಿನ ಯಾರಾದರೂ ನೀರು ಹಾಕುವುದು ಎಂಥ ಭಾಗ್ಯವೆಂದು ಹೇಳುತ್ತಾರೆ. ಓದದೆ ಬದುಕಲಾರದವಳಿಗೂ ಅದೇ ಕೋಣೆಯನ್ನೇ ಕೊಟ್ಟೆವು ಎನ್ನುವುದಷ್ಟೇ ನನ್ನ ತಕರಾರು. ಡಾಕ್ಟರಾದ ನಾನು ‘ಕಿಟಕಿ ತೆಗೀರಿ, ಒಂದು ಪುಸ್ತಕ ಕೊಡಿ’ ಎಂದಿದ್ದರೆ ಅಮ್ಮ ಗೊಣಗಿಕೊಂಡಾದರೂ ಕೇಳುತ್ತಿದ್ದಳು. ನಾನು ಅನ್ನಲಿಲ್ಲ. ರೆಸ್ಟು ತಾನೆ, ಒಳ್ಳೆಯದೇ ಅಂದುಕೊಂಡೆ.

ಮೂರನೇ ವಾರವಿರಬೇಕು, ಸಂಜೆ ಒಳಗೆ ಹೋದಾಗ ಅವಳು ದಿಂಬಿನ ಕೆಳಗಿಂದ ಒಂದು ಚೀಟಿ ತೆಗೆದು ಕೊಟ್ಟಳು. ಲಸಿಕೆ ಕಾರ್ಡಿನ ಜೊತೆ ಕೊಟ್ಟಿದ್ದ ಕರಪತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು. ಪೆನ್ಸಿಲ್ ಎಲ್ಲಿಂದ ಸಿಕ್ಕಿತೋ. ಲೆಕ್ಕದ ಮೇಷ್ಟ್ರು ಅಲ್ಲವೇ, ಒಂದು, ಎರಡು, ಮೂರು ಎಂದು ನಂಬರು ಹಾಕಿ ಬರೆದಿದ್ದಳು. ನನಗೆ ನಗು ಬಂತು. ‘ಏನೇ, ನೀನೂ ಚೀಟಿ ಪಾರ್ಟಿ ಆಗಿಬಿಟ್ಯಾ?’ ಎಂದೆ. ಮೊದಲ ಎರಡು ಸಾಲು ಓದಿದೆ. ಮಗು ಅತ್ತರೆ ಕೇಳಿಸುತ್ತದೆ, ಆದರೆ ಯಾರದ್ದೋ ಮನೆಯ ಮಗು ಅತ್ತಂತೆ ಇರುತ್ತದೆ ಎಂದಿತ್ತು. ಎಲ್ಲರೂ ಮಲಗಿದ ಮೇಲೂ ತನಗೆ ನಿದ್ದೆ ಬರುವುದಿಲ್ಲ ಎಂದಿತ್ತು. ಉಳಿದದ್ದನ್ನು ಓದಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಿದೆ ಎಂದು ಐರನ್ ಮಾತ್ರೆ ಹೆಚ್ಚಿಸಿ, ರಾತ್ರಿಗೆ ಅರ್ಧ ನಿದ್ದೆ ಮಾತ್ರೆ ಕೊಟ್ಟೆ. ‘ಮೊದಲನೇ ಹೆರಿಗೆಯಲ್ಲಿ ಎಲ್ಲರಿಗೂ ಹಿಂಗೇ ಕಣೇ, ಏನೇನೋ ಯೋಚನೆ ಮಾಡಬೇಡ’ ಎಂದು ತಲೆ ಸವರಿದೆ. ಅವಳು ಮತ್ತೇನೂ ಹೇಳಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಬಾವನಿಗೆ ಗೇಟಿನ ಹತ್ತಿರ ನಿಂತು ಎಲ್ಲ ವಿವರಿಸಿದೆ: ಸ್ವಲ್ಪ ರಕ್ತಹೀನತೆ, ಸ್ವಲ್ಪ ನರ ವೀಕ್ನೆಸ್ಸು. ಅವಳ ಕಾಯಿಲೆಯ ಬಗ್ಗೆ ನಾವಿಬ್ಬರು ಗಂಡಸರು ಬಹಳ ಹೊತ್ತು ಮಾತಾಡಿದೆವು.

ಅಮ್ಮನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ‘ಇವಳ ಕಣ್ಣು ನೋಟ ಸರಿಯಿಲ್ಲ ಕಣೋ, ಬಾಣಂತಿ ಸನ್ನಿ ಆದಂಗಿದೆ’ ಎಂದಳು. ಜೊತೆಗೆ ದೇವಸ್ಥಾನದಿಂದ ಯಂತ್ರ ಬರೆಸಿ ತರೋಣ ಎಂದೂ ಸೇರಿಸಿದಳು. ಆ ಎರಡನೇ ಮಾತಿಗೆ ನಾನು ರೇಗಿದೆ. ರೇಗುವ ಭರದಲ್ಲಿ ಮೊದಲನೇ ಮಾತೂ ಕೊಚ್ಚಿಹೋಯಿತು. ಮಗಳ ಮುಖವನ್ನು ದಿನವಿಡೀ ನೋಡುತ್ತಿದ್ದವಳ ರೋಗನಿರ್ಣಯ ಅದು, ಯಂತ್ರದ ಸಂಗತಿ ಹಾಗಿರಲಿ.

ಒಂದು ಬೆಳಗಿನ ಜಾವ ನನ್ನ ಹೆಂಡತಿಗೆ ಎಚ್ಚರವಾಗಿ ನೋಡಿದರೆ ಹಾಸಿಗೆಯಲ್ಲಿ ಮಗು ಮಾತ್ರ ಇತ್ತು. ಹಿತ್ತಿಲ ಬಾಗಿಲು ತೆರೆದಿತ್ತು. ತಂಗಿ ಬಾವಿಕಟ್ಟೆಯ ಮೇಲೆ ಮಳೆಯಲ್ಲಿ ನೆನೆಯುತ್ತ ಕೂತಿದ್ದಳು. ತಾನಿಲ್ಲದಿದ್ದರೆ ಮಗುವಿಗೆ ಒಳ್ಳೆಯದು ಎಂದು ತಗ್ಗಿದ ಧ್ವನಿಯಲ್ಲಿ, ಪಾಠ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು. ನನ್ನ ಹೆಂಡತಿ ಅವಳನ್ನು ತಬ್ಬಿ ಒಳಗೆ ಕರೆತಂದಳು. ನಾನು ಏನು ಮಾಡಿದೆ? ಬಿಪಿ ಉಪಕರಣ ತಂದು ತೋಳಿಗೆ ಕಟ್ಟಿದೆ. 110/70. ನಾರ್ಮಲ್. ಆ ಕ್ಷಣಕ್ಕೆ ನನಗೆ ಸಮಾಧಾನವೂ ಆಯಿತು ಎಂದರೆ ನೀವು ನಂಬಬೇಕು.

ಅದೇ ದಿನ ಮೈಸೂರಿಗೆ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ನನಗಿಂತ ವಯಸ್ಸಿನಲ್ಲಿ ಚಿಕ್ಕವರು. ನಾನು ಸಹೋದ್ಯೋಗಿಯ ಠೀವಿಯಲ್ಲಿ ಹಿಮೋಗ್ಲೋಬಿನ್ ಇಷ್ಟು, ನಾಡಿ ಇಷ್ಟು, ಕೊಟ್ಟ ಮಾತ್ರೆ ಇಂಥವು ಎಂದು ಒಪ್ಪಿಸಿದೆ. ಅವರು ಎಲ್ಲ ಕೇಳಿ, ‘ಸರಿ ಸಾರ್, ಇವರು ಏನು ಹೇಳ್ತಿದ್ರು?’ ಎಂದರು. ನಾನು ಬಾಯಿ ತೆರೆದೆ. ಹೇಳಲು ಏನೂ ಇರಲಿಲ್ಲ. ಒಂದೇ ಮನೆಯಲ್ಲಿದ್ದೂ, ದಿನಾ ಮುಟ್ಟಿ ನೋಡುತ್ತಿದ್ದರೂ, ಅವಳ ಬಾಯಿಂದ ಬಂದ ಮಾತು ನನ್ನ ಹತ್ತಿರ ಎರಡು ಸಾಲು ಮಾತ್ರ ಇತ್ತು. ಚೀಟಿಗಾಗಿ ಜೇಬು ತಡಕಿದೆ. ಆ ಪ್ಯಾಂಟು ಆಗಲೇ ಒಗೆಯಲು ಹೋಗಿತ್ತು.

ಅವರು ನನ್ನನ್ನೂ ಬಾವನನ್ನೂ ಹೊರಗೆ ಕೂರಲು ಹೇಳಿ ತಂಗಿಯೊಬ್ಬಳ ಜೊತೆ ಬಹಳ ಹೊತ್ತು ಮಾತಾಡಿದರು.

ಅವಳು ಸುಧಾರಿಸಿದಳು. ಮಾತ್ರೆಯಿಂದಲೇ ಸುಧಾರಿಸಿದಳು, ಇದನ್ನು ಒತ್ತಿ ಹೇಳಬೇಕು. ಗಿಲ್ಮನ್ ಕತೆಯನ್ನು ಓದಿ ‘ನೋಡಿ, ಡಾಕ್ಟರುಗಳೇ ಹೆಂಗಸರನ್ನು ಹುಚ್ಚರನ್ನಾಗಿ ಮಾಡುವುದು’ ಎಂದು ಷರಾ ಬರೆದು ಮುಗಿಸುವವರನ್ನು ಕಂಡಿದ್ದೇನೆ. ಹೆರಿಗೆಯ ನಂತರದ ಖಿನ್ನತೆಗೆ ಔಷಧಿ ಇದೆ, ಅದು ಕೆಲಸ ಮಾಡುತ್ತದೆ. ನನ್ನ ತಂಗಿ ಇವತ್ತು ನಿವೃತ್ತಿಯ ಹತ್ತಿರ ಬಂದ ಮುಖ್ಯೋಪಾಧ್ಯಾಯಿನಿ. ಅವಳ ಮಗ ಎಂಜಿನಿಯರು. ಆದರೆ ಆ ವರ್ಷದಿಂದ ಈಚೆಗೆ ಅವಳು ತನ್ನ ಮೈಯ ಬಗ್ಗೆ ನನ್ನ ಹತ್ತಿರ ಏನೂ ಹೇಳಿಲ್ಲ. ಮಂಡಿನೋವಿಗೂ ಬೇರೆ ಡಾಕ್ಟರು. ಗರ್ಭಕೋಶದ ಆಪರೇಷನ್ ಆದದ್ದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಬಂದಾಗ ಮೊದಲಿನ ಹಾಗೇ ಪ್ರೀತಿಯಿಂದ ಇರುತ್ತಾಳೆ, ನನಗಿಷ್ಟವೆಂದು ಕೋಡುಬಳೆ ಕರಿದು ತರುತ್ತಾಳೆ. ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಅನ್ನುತ್ತಾಳೆ.

ಕತೆ ಓದಿದ ಮೇಲೆ ಅದರ ಹಿಂದಿನ ಡಾಕ್ಟರ ಬೆನ್ನು ಹತ್ತಿದೆ. ಕತೆಯೊಳಗೇ ಅವರ ಹೆಸರು ಬರುತ್ತದೆ: ನೀನು ಬೇಗ ಸುಧಾರಿಸದಿದ್ದರೆ ವೀರ್ ಮಿಚೆಲ್ ಹತ್ತಿರ ಕಳಿಸುತ್ತೇನೆ ಎಂದು ಜಾನ್ ಎಚ್ಚರಿಸುತ್ತಾನೆ. ಸೈಲಸ್ ವೀರ್ ಮಿಚೆಲ್ (1829-1914) ಫಿಲಡೆಲ್ಫಿಯಾದ ನರರೋಗ ತಜ್ಞ, ಆ ಕಾಲದ ಅಮೆರಿಕದಲ್ಲಿ ಬಲು ದೊಡ್ಡ ಹೆಸರು. 1877ರಲ್ಲಿ ‘ಫ್ಯಾಟ್ ಅಂಡ್ ಬ್ಲಡ್’ ಎಂಬ ಪುಸ್ತಕದಲ್ಲಿ ತಮ್ಮ ವಿಶ್ರಾಂತಿ ಚಿಕಿತ್ಸೆಯನ್ನು ವಿವರಿಸಿದರು. ಆರರಿಂದ ಎಂಟು ವಾರ ಹಾಸಿಗೆ, ಮನೆಯವರಿಂದ ದೂರ, ಗಂಟೆ ಲೆಕ್ಕದಲ್ಲಿ ಹಾಲು, ಮೈ ತಿಕ್ಕುವುದು, ಸ್ನಾಯುಗಳಿಗೆ ವಿದ್ಯುತ್ತು. ಮೊದಲ ನಾಲ್ಕೈದು ವಾರ ಎದ್ದು ಕೂರುವುದಿಲ್ಲ, ಓದುವುದಿಲ್ಲ, ಬರೆಯುವುದಿಲ್ಲ, ಹೊಲಿಯುವುದಿಲ್ಲ. ಕೆಲವು ರೋಗಿಗಳಿಗೆ ಹಲ್ಲುಜ್ಜುವುದು ಬಿಟ್ಟು ಬೇರೆ ಯಾವುದಕ್ಕೂ ಕೈ ಬಳಸುವಂತಿಲ್ಲ, ಊಟವನ್ನೂ ನರ್ಸೇ ತಿನ್ನಿಸಬೇಕು. ನರ ದಣಿದ ಗಂಡಸರಿಗೆ ಇದೇ ಡಾಕ್ಟರ ಸಲಹೆ ಬೇರೆ ಇರುತ್ತಿತ್ತು: ಪಶ್ಚಿಮಕ್ಕೆ ಹೋಗಿ, ಕುದುರೆ ಸವಾರಿ ಮಾಡಿ, ಬಯಲಲ್ಲಿ ಮಲಗಿ. 1885ರಲ್ಲಿ ಹೀಗೆ ವಯೋಮಿಂಗ್‌ಗೆ ಹೋದ ಓವೆನ್ ವಿಸ್ಟರ್ ಮುಂದೆ ಕೌಬಾಯ್ ಕಾದಂಬರಿ ‘ದಿ ವರ್ಜಿನಿಯನ್’ ಬರೆದು ಹೆಸರಾದರು.

ಗಿಲ್ಮನ್ ಮಿಚೆಲ್ ಬಳಿ ಹೋದದ್ದು 1887ರಲ್ಲಿ, ಮಗಳು ಹುಟ್ಟಿ ಎರಡು ವರ್ಷದ ಮೇಲೆ. ಹೋಗುವ ಮೊದಲು ತನ್ನ ಕಾಯಿಲೆಯ ಪೂರ್ತಿ ಇತಿಹಾಸವನ್ನು ಒಂದು ದೀರ್ಘ ಪತ್ರದಲ್ಲಿ ಬರೆದಿದ್ದರು. ಯಾವಾಗ ಹೆಚ್ಚುತ್ತದೆ, ಯಾವಾಗ ತಗ್ಗುತ್ತದೆ, ಮನೆಯಿಂದ ದೂರ ಹೋದಾಗ ಹೇಗಿರುತ್ತದೆ ಎಂದೆಲ್ಲ. ಮಿಚೆಲ್ ಅದರಲ್ಲಿ ಕಂಡದ್ದು ರೋಗಿಯ ಅಹಂಭಾವವನ್ನು ಮಾತ್ರ ಎಂದು ಗಿಲ್ಮನ್ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಈ ಭಾಗ ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಹೊರಗೆ ಹೋಗಿ ಬಂದೆ. ಒಂದು ತಿಂಗಳ ಚಿಕಿತ್ಸೆ ಮುಗಿಸಿ ಕಳಿಸುವಾಗ ಕೊಟ್ಟ ಸಲಹೆ ಇನ್ನೂ ಘೋರ. ಆದಷ್ಟೂ ಮನೆವಾರ್ತೆಯಲ್ಲೇ ಇರಬೇಕು, ಮಗುವನ್ನು ಸದಾ ಜೊತೆಗಿಟ್ಟುಕೊಳ್ಳಬೇಕು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬುದ್ಧಿಯ ಕೆಲಸ ಕೂಡದು, ಬದುಕಿರುವ ತನಕ ಪೆನ್ನು, ಕುಂಚ, ಪೆನ್ಸಿಲ್ಲು ಮುಟ್ಟಬಾರದು. ಗಿಲ್ಮನ್ ಇದನ್ನು ನಿಷ್ಠೆಯಿಂದ ಪಾಲಿಸಿದರು. ಬಟ್ಟೆಯ ಗೊಂಬೆ ಮಾಡಿ ಬಾಗಿಲ ಹಿಡಿಗೆ ನೇತುಹಾಕಿ ಆಡುವ, ಮಂಚದ ಕೆಳಗೆ ತೆವಳಿ ಅವಿತುಕೊಳ್ಳುವ ಸ್ಥಿತಿಗೆ ಬಂದರು. ಆಮೇಲೆ ಸಲಹೆಯನ್ನೂ ಬಿಟ್ಟರು, ಗಂಡನನ್ನೂ ಬಿಟ್ಟರು, ಮಗಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟು ಪೆನ್ನು ಹಿಡಿದರು.

ಮಿಚೆಲ್ ಕೇಡಿಗ ಆಗಿದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರನ್ನು ನೋಡಿಕೊಂಡವರು ಇವರೇ. ಕತ್ತರಿಸಿ ತೆಗೆದ ಕಾಲಿನಲ್ಲಿ ನೋವು ಎಂದು ಸೈನಿಕರು ಹೇಳಿದಾಗ ಕಿವಿಗೊಟ್ಟು ಬರೆದುಕೊಂಡರು. ಇಲ್ಲದ ಅಂಗದ ಆ ನೋವಿಗೆ ಇಂದಿಗೂ ವೈದ್ಯರು ಬಳಸುವ ಹೆಸರು 1871ರಲ್ಲಿ ಅವರು ಕೊಟ್ಟದ್ದು. ಅದಕ್ಕೂ ಮೊದಲು, 1866ರಲ್ಲಿ, ಕೈಕಾಲು ಎಲ್ಲ ಕಳೆದುಕೊಂಡ ಸೈನಿಕನೊಬ್ಬನ ಬಾಯಲ್ಲಿ ಹೇಳಿಸಿದ ‘ದಿ ಕೇಸ್ ಆಫ್ ಜಾರ್ಜ್ ಡೆಡ್ಲೊ’ ಎಂಬ ಸಣ್ಣಕತೆಯನ್ನು ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಹೆಸರು ಹಾಕದೆ ಪ್ರಕಟಿಸಿದ್ದರು. ಓದಿದ ಕೆಲವರು ನಿಜವೆಂದು ನಂಬಿ ಅವನಿಗಾಗಿ ದುಡ್ಡು ಕೂಡಿಸಿದರಂತೆ. ಅಂದರೆ, ಕಾಣದ ನೋವನ್ನು ಹೇಳಲು ಕತೆಯೇ ಬೇಕು ಎನ್ನುವುದು ಗಿಲ್ಮನ್‌ಗಿಂತ ಮೊದಲೇ ಈ ಡಾಕ್ಟರಿಗೆ ಗೊತ್ತಿತ್ತು. ಮುಂದೆ ಕಾದಂಬರಿಗಳನ್ನೂ ಬರೆದು ಜನಪ್ರಿಯರಾದರು. ಇಲ್ಲದ ಕಾಲಿನ ಮಾತನ್ನು ನಂಬಿದ ಮನುಷ್ಯ ಎದುರಿಗೆ ಕೂತ ಹೆಂಗಸಿನ ಪತ್ರವನ್ನು ನಂಬಲಿಲ್ಲ. ತಾನು ಪೆನ್ನು ಕೆಳಗಿಡದವರು ಅವಳಿಗೆ ಪೆನ್ನು ಬೇಡವೆಂದರು.

ಅದೇ ‘ಅಟ್ಲಾಂಟಿಕ್’ ಪತ್ರಿಕೆಗೆ ‘ಯೆಲ್ಲೋ ವಾಲ್‌ಪೇಪರ್’ ಹೋದಾಗ ಸಂಪಾದಕ ಹೊರೇಸ್ ಸ್ಕಡರ್ ತಿರುಗಿಸಿ ಕಳಿಸಿದರು. ತನಗಾದ ಸಂಕಟವನ್ನು ಓದುಗರಿಗೂ ಮಾಡಿದರೆ ತನ್ನನ್ನು ತಾನೇ ಕ್ಷಮಿಸಿಕೊಳ್ಳಲಾರೆ ಎಂಬುದು ಅವರು ಕೊಟ್ಟ ಕಾರಣ. ಕತೆ ಅಚ್ಚಾದ ಮೇಲೆ ಬಾಸ್ಟನ್ನಿನ ಒಬ್ಬ ವೈದ್ಯರು ಇಂಥದ್ದನ್ನು ಬರೆಯಲೇಬಾರದು, ಓದಿದವರಿಗೆ ಹುಚ್ಚು ಹಿಡಿದೀತು ಎಂದು ಪತ್ರಿಕೆಗೆ ಬರೆದರು. ಕ್ಯಾನ್ಸಾಸಿನ ಇನ್ನೊಬ್ಬ ವೈದ್ಯರು, ಮನಸ್ಸು ಕೆಡಲು ಶುರುವಾಗುವುದನ್ನು ಇಷ್ಟು ಚೆನ್ನಾಗಿ ವರ್ಣಿಸಿದ್ದನ್ನು ತಾನು ಕಂಡಿಲ್ಲ ಎಂದರಂತೆ. ನಾನು 1998ರಲ್ಲಿ ಓದಿದ್ದರೆ ಬಾಸ್ಟನ್ನಿನವರ ಪಕ್ಕದಲ್ಲೇ ಕೂರುತ್ತಿದ್ದೆ. ಗಿಲ್ಮನ್ ಕತೆಯ ಒಂದು ಪ್ರತಿಯನ್ನು ಮಿಚೆಲ್‌ಗೆ ಕಳಿಸಿದರು; ಉತ್ತರ ಬರಲಿಲ್ಲ. ಅದನ್ನು ಓದಿದ ಮೇಲೆ ಆತ ಚಿಕಿತ್ಸೆಯನ್ನು ಬದಲಿಸಿದರೆಂದು ಕೇಳಿದ್ದಾಗಿ 1913ರಲ್ಲಿ ಗಿಲ್ಮನ್ ಬರೆದರು. ಸಂಶೋಧಕರಿಗೆ ಅದಕ್ಕೆ ಪುರಾವೆ ಸಿಕ್ಕಿಲ್ಲ. ನಮ್ಮ ಜಾತಿಯನ್ನು ಬಲ್ಲ ನನಗೆ ಆಶ್ಚರ್ಯವಿಲ್ಲ.

ಕತೆ ಬಹುಕಾಲ ಮೂಲೆಗೆ ಬಿದ್ದಿತ್ತು. 1973ರಲ್ಲಿ ಅಮೆರಿಕದ ಫೆಮಿನಿಸ್ಟ್ ಪ್ರೆಸ್ ಪುಸ್ತಕವಾಗಿ ತಂದ ಮೇಲೆ ಮತ್ತೆ ಓದಿಗೆ ಸಿಕ್ಕಿತು. ಅದಕ್ಕೆ ಎರಡು ವರ್ಷ ಮುಂಚೆ, 1971ರಲ್ಲಿ, ನಮ್ಮಲ್ಲಿ ‘ಶರಪಂಜರ’ ಸಿನಿಮಾ ಬಂದಿತ್ತು. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಕಾವೇರಿಯಾಗಿ. ಹೆರಿಗೆಯ ನಂತರ ಬುದ್ಧಿ ಕಲಕಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಬಂದ ಹೆಂಗಸನ್ನು ಮನೆಯೂ ಊರೂ ಹೇಗೆ ಮತ್ತೆ ಅಲ್ಲಿಗೇ ತಳ್ಳುತ್ತವೆ ಎನ್ನುವುದು ಅದರ ಕತೆ. ನಾನು ಹುಡುಗನಾಗಿ ಟೆಂಟಿನಲ್ಲಿ ನೋಡಿ ಅತ್ತವನು. ಆಮೇಲೆ ನನ್ನ ತಂಗಿ ಮೈಸೂರಿನಿಂದ ವಾಪಸಾದಾಗ ನೆಂಟರಿಗೆಲ್ಲ ಟೈಫಾಯ್ಡ್ ಎಂದು ಹೇಳಿದವನೂ ನಾನೇ. ಅವಳ ಅತ್ತೆಮನೆಯಲ್ಲಿ ಕಾವೇರಿಯ ಗತಿ ಆಗದಿರಲಿ ಎಂಬ ಲೆಕ್ಕ. ಲೆಕ್ಕ ತಪ್ಪೆಂದು ಈಗಲೂ ನಿರ್ಧಾರವಾಗಿ ಹೇಳಲಾರೆ. ಆದರೆ ಅವಳನ್ನು ಕೇಳಿ ಹೇಳಲಿಲ್ಲ. ಅವಳ ಕಾಯಿಲೆಗೆ ಮೊದಲು ರಕ್ತಹೀನತೆ ಎಂದು ಹೆಸರಿಟ್ಟೆ, ಆಮೇಲೆ ಟೈಫಾಯ್ಡ್ ಎಂದು. ಎರಡೂ ನನ್ನ ಅನುಕೂಲದ ಹೆಸರುಗಳು.

ಮಗಳ ಪ್ರಿಂಟ್‌ಔಟನ್ನು ತಂಗಿಗೆ ಕೊಡಲು ಧೈರ್ಯ ಬರಲು ಕಾಲ ಹಿಡಿಯಿತು. ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಬಂದಾಗ ಕೊಟ್ಟು, ಚೀಟಿಯ ವಿಷಯ ಎತ್ತಿ, ನಾನು ಓದಬೇಕಿತ್ತು ಕಣೇ ಎಂದೆ. ಅವಳು ಅಳಲಿಲ್ಲ, ಹೋಗಲಿ ಬಿಡು ಅನ್ನಲೂ ಇಲ್ಲ. ಜಗುಲಿಯಲ್ಲಿ ಕೂತು ಕತೆ ಓದಿ ಮುಗಿಸಿ, ‘ಅವನಾದರೂ ಮೂರ್ಛೆ ಹೋದ. ನೀನು ಬಿಪಿ ನೋಡಿದೆ’ ಎಂದಳು. ನನ್ನ ಹೆಂಡತಿ ಒಳಗಿನಿಂದಲೇ ನಕ್ಕಳು. ಚೀಟಿಯಲ್ಲಿ ಮತ್ತೇನಿತ್ತು ಎಂದು ಕೇಳಿದೆ. ಹೇಳಲಿಲ್ಲ.

ಕತೆಯ ಬಗ್ಗೆ ಅವಳಿಗೆ ತಕರಾರೂ ಇತ್ತು. ಮಗುವನ್ನು ನೋಡಿಕೊಳ್ಳುವ ಮೇರಿ ಎಂಬ ಹೆಂಗಸು ಒಂದು ಕಡೆ ಹೆಸರಿಗೆ ಬಂದು ಹೋಗುತ್ತಾಳಲ್ಲ, ಅವಳಿಗೂ ಮಗುವಿತ್ತೋ, ಅವಳಿಗೆ ನಿದ್ದೆ ಬರುತ್ತಿತ್ತೋ ಯಾರು ಕೇಳಿದರು ಎಂದಳು. ನಮ್ಮ ಬಾಣಂತನಕ್ಕೆ ನೀರು ಹೊರುತ್ತಿದ್ದವಳ ಹೆಸರು ಹಿಡಿದು, ಅವಳೂ ಆಗ ಹಸಿ ಬಾಣಂತಿ, ನಿನಗೆ ಗೊತ್ತಿತ್ತೇ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗಿಲ್ಮನ್ ವಲಸಿಗರ ಬಗ್ಗೆ, ಕಪ್ಪು ಜನರ ಬಗ್ಗೆ ಬರೆದದ್ದರಲ್ಲಿ ಜನಾಂಗದ ಹಮ್ಮು ತುಂಬಿದೆ. ಓದಿದರೆ ಮುಖ ಸಿಂಡರಿಸಬೇಕಾಗುತ್ತದೆ. ಒಬ್ಬಳ ಚೀಟಿಯನ್ನು ಜಗತ್ತಿಗೆ ಓದಿಸಿದವರ ಕಣ್ಣಿಗೂ ಎಲ್ಲರ ಚೀಟಿ ಕಾಣಲಿಲ್ಲ.

ಈಗ ಕಾಲ ಬದಲಾಗಿದೆ, ಸ್ವಲ್ಪ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯನ್ನೂ ಹಸುಗೂಸನ್ನೂ ಒಟ್ಟಿಗೆ ದಾಖಲಿಸುವ ವಾರ್ಡು ಇದೆ. ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. 1987ರಲ್ಲಿ ಎಡಿನ್‌ಬರೋದಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಕಳೆದ ಏಳು ದಿನ ಹೇಗಿದ್ದಿರಿ, ನಗು ಬಂತೇ, ಕಾರಣವಿಲ್ಲದೆ ನಿಮ್ಮನ್ನೇ ನೀವು ಹಳಿದುಕೊಂಡಿರಾ ಎಂಬಂಥವು. ಹತ್ತನೆಯದು ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಕನ್ನಡದಲ್ಲೂ ಇದೆ. ಮೂವತ್ತಕ್ಕೆ ಎಷ್ಟು ಬಂತೆಂದು ಕೂಡಿದರೆ ಯಾರನ್ನು ಮುಂದಕ್ಕೆ ಕಳಿಸಬೇಕೆಂದು ತಿಳಿಯುತ್ತದೆ. ಜೆರಾಕ್ಸ್ ಮಾಡಿಸಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಚುಚ್ಚುಮದ್ದಿಗೆ ಮಗು ತಂದವರಿಗೆ ಕೊಡುತ್ತೇನೆ.

ಕೊಟ್ಟರೆ ಮುಗಿಯುವುದಿಲ್ಲ. ಅತ್ತೆ ಹಾಳೆ ಇಸಿದುಕೊಂಡು ಜೋರಾಗಿ ಓದಿ, ಸೊಸೆಯ ಪರವಾಗಿ ತಾವೇ ಉತ್ತರ ಹೇಳಿಬಿಡುತ್ತಾರೆ: ‘ನಗ್ತಾಳೆ ನಗ್ತಾಳೆ, ಬರ್ಕೊಳಿ.’ ಗಂಡಸರಿಗೆ ಹೊರಗೆ ಕೂರಿ ಎಂದರೆ ಅವಮಾನ. ಸಂತೆ ದಿನ ಬಾಗಿಲಾಚೆ ಜನ ಕೆಮ್ಮುತ್ತ ನಿಂತಿರುವಾಗ ಒಬ್ಬರಿಗೇ ಇಪ್ಪತ್ತು ನಿಮಿಷ ಕೊಟ್ಟರೆ ಕಾಂಪೌಂಡರು ಒಳಗೆ ಇಣುಕುತ್ತಾನೆ. ಹಳದಿ ಬಾಟಲಿ ನಿಲ್ಲಿಸಿದ ಮೇಲೆ ಕೆಲವರು ಎದುರು ಬೀದಿಯ ಕ್ಲಿನಿಕ್ಕಿಗೆ ಹೋಗುತ್ತಿದ್ದಾರೆ. ಚೀಟಿಗಳನ್ನು ಮಾತ್ರ ಪೂರ್ತಿ ಓದುತ್ತೇನೆ. ಎಷ್ಟೋ ಸಲ ಮುಖ್ಯ ಸಂಗತಿ ಕೊನೆಯಲ್ಲಿರುತ್ತದೆ, ಕೆಲವೊಮ್ಮೆ ಹಾಳೆ ತಿರುಗಿಸಿದರೆ ಹಿಂದುಗಡೆ.

ಕಳೆದ ತಿಂಗಳು ಒಬ್ಬ ಹುಡುಗ ಹೆಂಡತಿಯನ್ನು ಕರೆತಂದಿದ್ದ. ಎರಡು ತಿಂಗಳ ಕೂಸು. ಅವನನ್ನು ಹೊರಗೆ ಕೂರಿಸಿ ಅವಳ ಜೊತೆ ಮಾತಾಡಿ, ಹಾಸನಕ್ಕೆ ಮನೋವೈದ್ಯರಿಗೊಂದು ಪತ್ರ ಬರೆದುಕೊಟ್ಟೆ. ಹೊರಗೆ ಬಂದಾಗ ಅವನು ಎದ್ದು ನಿಂತು, ನಾನು ಇಷ್ಟು ವರ್ಷ ಎಲ್ಲ ಗಂಡಂದಿರಿಗೂ ಉತ್ತರ ಕೊಟ್ಟ ಪ್ರಶ್ನೆಯನ್ನೇ ಕೇಳಿದ.

‘ಏನಾಗಿದೆ ಸಾರ್ ಅವಳಿಗೆ?’

‘ಅವರೇ ಹೇಳ್ತಾರೆ, ಕೇಳಪ್ಪ’ ಎಂದೆ.

‘ಅಯ್ಯೋ, ಅವಳಿಗೇನು ಗೊತ್ತಾಗುತ್ತೆ ಸಾರ್’ ಎಂದು ನಕ್ಕ ಅವನು. ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಅವಳು ಆಗಲೇ ಮೆಟ್ಟಿಲಿಳಿದು, ಹಾಸನದ ಬಸ್ಸು ಎಷ್ಟು ಹೊತ್ತಿಗೆ ಎಂದು ಪಕ್ಕದ ಅಂಗಡಿಯಲ್ಲಿ ವಿಚಾರಿಸುತ್ತಿದ್ದಳು.